ಬಲ್ಬು ಹೊತ್ತಿತು, ಫೋಟೋ ಬರಲಿಲ್ಲ

ಒಂದು ಫೋಟೋಕ್ಕೆ ಒಂದರಂತೆ ಹೊತ್ತಿ ಸುಟ್ಟುಹೋಗುವ ಹಳೇ ಫ್ಲ್ಯಾಶ್ ಬಲ್ಬಿನ ಹುಚ್ಚು ಹತ್ತಿಸಿಕೊಂಡವರು ನನಗೆ ಫೋನ್ ಮಾಡಿದರೆ ದೂರು ಹೆಚ್ಚು ಕಡಿಮೆ ಒಂದೇ. "ಬಲ್ಬು ಚೆನ್ನಾಗಿಯೇ ಹೊತ್ತಿತು. ಎಲ್ಲರೂ ಕಣ್ಣು ಉಜ್ಜಿಕೊಂಡರು. ಆದರೆ ರೋಲ್ ತೊಳೆದು ನೋಡಿದರೆ ಖಾಲಿ." ಇನ್ನು ಕೆಲವರದು ಅರ್ಧ ಖಾಲಿ. ಮುಖಗಳೆಲ್ಲ ಬಂದಿವೆ, ಸೊಂಟದಿಂದ ಕೆಳಗೆ ಕತ್ತಲು. ಇದಾದ ಮೇಲೆ ಎಲ್ಲರೂ ಹೇಳುವುದು ಒಂದೇ ಮಾತು: ಬಲ್ಬು ಹಳೇದು ಸಾರ್, ದಮ್ಮು ಹೋಗಿದೆ.

ದಮ್ಮು ಎಲ್ಲೂ ಹೋಗಿರುವುದಿಲ್ಲ. ಗಾಜು ಬಿರುಕು ಬಿಟ್ಟಿಲ್ಲ, ಒಳಗೆ ಗಾಳಿ ಹೊಕ್ಕಿಲ್ಲ ಅಂದರೆ ಐವತ್ತು ವರ್ಷದ ಬಲ್ಬು ಕೂಡ ಜೋರಾಗಿಯೇ ಉರಿಯುತ್ತದೆ. ಮುಚ್ಚಿದ ಗಾಜಿನೊಳಗೆ ಆಮ್ಲಜನಕ, ಕೂದಲಿಗಿಂತ ತೆಳುವಾದ ಲೋಹದ ಎಳೆಗಳು, ಕಿಡಿ ಹೊತ್ತಿಸಲು ಒಂದು ಚಿಕ್ಕ ತಂತಿ. ಅದರಲ್ಲಿ ಕೆಡುವಂಥದ್ದು ಏನಿದೆ? ಕೆಟ್ಟಿದ್ದು ಬೇರೆ ಕಡೆ. ಹೊಸ ಕ್ಯಾಮೆರಾಕ್ಕೆ ಅವಸರ ಜಾಸ್ತಿ. ಬಲ್ಬು ಪೂರ್ತಿ ಬೆಳಗುವ ಹೊತ್ತಿಗೆ ಅದು ತನ್ನ ಬಾಗಿಲು, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಶಟರ್, ಹಾಕಿಕೊಂಡು ಕೂತಿರುತ್ತದೆ.

ಇಲ್ಲಿ ಹೊಸ ಕ್ಯಾಮೆರಾ ಅಂದರೆ ಡಿಜಿಟಲ್ ಅಲ್ಲ. 1970ರ ದಶಕದಿಂದ ಈಚೆಗೆ ಬಂದ ಫಿಲ್ಮ್ ಕ್ಯಾಮೆರಾಗಳ ಮಾತು ಇದು. ಮೇಲುಗಡೆ ಹಾಟ್ ಶೂ (ಫ್ಲ್ಯಾಶ್ ಕೂರಿಸುವ ಜಾಗ) ಇರುವಂಥವು, ಒಂದೇ ಒಂದು ಸಿಂಕ್ ಸಾಕೆಟ್ (ಶಟರಿನ ಜೊತೆಗೇ ಫ್ಲ್ಯಾಶ್ ಹೊತ್ತಿಸುವ ವೈರ್ ಸಿಕ್ಕಿಸುವ ತೂತು) ಇರುವಂಥವು, ಅಥವಾ ಅದೂ ಇಲ್ಲದ 90ರ ದಶಕದ ಆಟೋಫೋಕಸ್ ಕ್ಯಾಮೆರಾಗಳು. ಅಷ್ಟು ಹೊತ್ತಿಗೆ ಎಲೆಕ್ಟ್ರಾನಿಕ್ ಫ್ಲ್ಯಾಶ್ ಅಗ್ಗವಾಗಿತ್ತು. ಬಲ್ಬಿಗೆ ಅಂತ ಜಾಗ ಬಿಡುವುದನ್ನು ಕಂಪನಿಗಳು ಒಂದೊಂದಾಗಿ ನಿಲ್ಲಿಸಿದವು. ತಪ್ಪೇನಿಲ್ಲ, ಆಗ ಯಾರೂ ಕೇಳುತ್ತಿರಲಿಲ್ಲ.

ಈಗ ಕೇಳುತ್ತಿದ್ದಾರೆ. ಮುಂಬೈಯಲ್ಲಂತೂ ಇದಕ್ಕೆ ಒಂದು ಕಾರಣ ಇದೆ. ಮಾಟುಂಗಾ, ದಾದರ್, ಡೊಂಬಿವಿಲಿ, ಎಲ್ಲಿ ನೋಡಿದರೂ ಹಳೇ ಬಿಲ್ಡಿಂಗುಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಲಾಫ್ಟಿನಿಂದ ಹಿತ್ತಾಳೆ ಹಂಡೆ, ತಂಬೂರಿ, ಕಟ್ಟಿಟ್ಟ ವಾರಪತ್ರಿಕೆಗಳ ಜೊತೆ ಅಜ್ಜನ ಕ್ಯಾಮೆರಾ ಪೆಟ್ಟಿಗೆಯೂ ಕೆಳಗೆ ಇಳಿಯುತ್ತದೆ. ಅದರಲ್ಲಿ ರಟ್ಟಿನ ತೊಟ್ಟಿಲಲ್ಲಿ ಸಾಲಾಗಿ ಮಲಗಿಸಿದ ನೀಲಿ ಬಲ್ಬುಗಳು. ಒಂದಷ್ಟು ಮೊಮ್ಮಕ್ಕಳ ಕೈಗೆ ಹೋಗುತ್ತವೆ, ಉಳಿದವು ಭಂಗಾರಿನವನ (ಗುಜರಿಯವನ) ಮೂಲಕ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ. ಅಲ್ಲಿ ಡಬ್ಬಿಗೆ ಹೇಳುವ ಬೆಲೆ ನಿಮ್ಮ ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡುತ್ತಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ನನ್ನ ಅಕ್ಕನ ಮಗನಿಗೆ ಹೀಗೇ ಒಂದು ಡಬ್ಬಿ ಸಿಕ್ಕಿತು. ಬಲ್ಬು ಹಿಡಿಯುವ ಹಳೇ ಫ್ಲ್ಯಾಶ್ ಗನ್ನನ್ನು ಅವನ ಹೊಸ ಕ್ಯಾಮೆರಾಕ್ಕೆ ಸಿಕ್ಕಿಸಿ, ಬಿಲ್ಡಿಂಗಿನ ಗಣಪತಿ ಹಬ್ಬದಲ್ಲಿ ಒಂದಷ್ಟು ಹೊಡೆದ. ಎಲ್ಲ ಖಾಲಿ ಬಂತು. ನಾನು ಅವನನ್ನು ಕೆಳಗಿನ ಮನೆಯ ಕಾಕಾರ ಹತ್ತಿರ ಕರೆದುಕೊಂಡು ಹೋದೆ. ಕಾಕಾರ ಊರು ಗದಗದ ಕಡೆ. ಇಡೀ ಆಯುಷ್ಯ ದಾದರಿನಲ್ಲಿ ಸ್ಟುಡಿಯೋ ನಡೆಸಿದವರು. ಕನ್ನಡ ಸಂಘಗಳ ಗ್ರೂಪ್ ಫೋಟೋ, ಮುಂಜಿವೆ, ಮದುವೆ, ನಾಟಕ, ಎಲ್ಲಕ್ಕೂ ಅವರೇ. ಹುಡುಗನ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದರು.

"ಶಟರ್ ಸ್ಪೀಡ್ ಎಷ್ಟಕ್ಕ ಇಟ್ಟಿದ್ದಿ?"

"ನೂರಾ ಇಪ್ಪತ್ತೈದು, ಅಜ್ಜಾ. ಫ್ಲ್ಯಾಶ್ ಗುರ್ತು ಅಲ್ಲೇ ಐತಿ."

"ಆ ಗುರ್ತು ನಿನ್ನ ಬ್ಯಾಟರಿ ಫ್ಲ್ಯಾಶಿಂದು. ಬಲ್ಬಿಂದಲ್ಲ. ಬಲ್ಬ್ ಸುಳ್ಳ ಹೇಳಂಗಿಲ್ಲ, ತಮ್ಮಾ. ನಿನ್ನ ಕ್ಯಾಮೆರಾಕ್ಕ ತಡಕೊಳ್ಳೂ ಗುಣಾ ಇಲ್ಲ. ಮೂವತ್ತಕ್ಕ ತಗೊಂಡ ಬಾ. ಅದಕ್ಕೂ ಸರಿ ಬರಲಿಲ್ಲಂದ್ರ ಹದಿನೈದಕ್ಕ."

ಮೂವತ್ತು ಅಂದರೆ ಶಟರ್ ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ ತೆರೆದಿರುವುದು. ಕಾಯಿಲೆಯ ಮುಕ್ಕಾಲು ಪಾಲು ಔಷಧಿ ಇಷ್ಟೇ. ಆದರೆ ಯಾಕೆ ಅಂತ ಗೊತ್ತಿದ್ದರೆ ಉಳಿದ ಕಾಲು ಭಾಗವೂ ಬಗೆಹರಿಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎಲೆಕ್ಟ್ರಾನಿಕ್ ಫ್ಲ್ಯಾಶ್ ಹೊತ್ತಿ ಆರುವುದಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಸಾಕು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಬಲ್ಬು ಹಾಗಲ್ಲ. ಅದು ನಿಜವಾದ ಬೆಂಕಿ. ತಂತಿ ಕಾಯಬೇಕು, ತಂತಿಗೆ ಮೆತ್ತಿದ ಮದ್ದು ಸಿಡಿಯಬೇಕು, ಆ ಕಿಡಿ ಲೋಹದ ಎಳೆಗಳಿಗೆ ತಗುಲಬೇಕು, ಆಮೇಲೆ ಉರಿ ಏರಬೇಕು. ಸಾಮಾನ್ಯವಾಗಿ ಸಿಗುವ ಎಂ ವರ್ಗದ ಬಲ್ಬು ತುತ್ತತುದಿಯ ಬೆಳಕಿಗೆ ಬರಲು ಸುಮಾರು 20 ಮಿಲಿಸೆಕೆಂಡು ಬೇಕು. ಕಡಲೆಕಾಯಿ ಗಾತ್ರದ ಎಜಿ-1 ಸ್ವಲ್ಪ ಬೇಗ, ಸುಮಾರು 13. ಎಫ್ ವರ್ಗದವು 5 ಮಿಲಿಸೆಕೆಂಡಿನಲ್ಲೇ ಏರುತ್ತವೆ, ಆದರೆ ಅವು ಈಗ ಅಪರೂಪ. ಇನ್ನು ಎಫ್‌ಪಿ ವರ್ಗ ಅಂತ ಒಂದಿದೆ. ನಂಬರ್ 6, ನಂಬರ್ 26 ಅಂತ ಡಬ್ಬಿಯ ಮೇಲೆ ಇರುತ್ತದೆ. ಅವು ಒಮ್ಮೆಗೇ ಭಗ್ ಅನ್ನದೆ, ಒಂದೇ ಮಟ್ಟದಲ್ಲಿ ಸ್ವಲ್ಪ ಹೊತ್ತು ಉರಿಯುತ್ತವೆ. ಪರದೆ ಶಟರಿನ ಕ್ಯಾಮೆರಾಗಳಿಗೆಂದೇ ಮಾಡಿದ್ದು. ಆ ಶಟರಿನಲ್ಲಿ ಫಿಲ್ಮಿನ ಮುಂದೆ ಒಂದು ಪರದೆ ಸರಿದು ತೆರೆಯುತ್ತದೆ, ಇನ್ನೊಂದು ಹಿಂದೆಯೇ ಬಂದು ಮುಚ್ಚುತ್ತದೆ.

ಈಗ ಕ್ಯಾಮೆರಾ ಕಡೆ ಬನ್ನಿ. ಎಕ್ಸ್ ಸಿಂಕ್ ಅಂದರೆ ಶಟರ್ ಪೂರ್ತಿ ತೆರೆದ ಕ್ಷಣದಲ್ಲಿ ಫ್ಲ್ಯಾಶಿಗೆ ಸಂಜ್ಞೆ ಹೋಗುತ್ತದೆ. 1/125 ಇಟ್ಟರೆ ಶಟರ್ ತೆರೆದಿರುವುದೇ 8 ಮಿಲಿಸೆಕೆಂಡು. ಬಲ್ಬು ಇನ್ನೂ ಕೆಂಪಗಾಗುತ್ತಿರುವಾಗಲೇ ಆಟ ಮುಗಿದಿರುತ್ತದೆ. ನಿಮ್ಮ ಕಣ್ಣಿಗೆ ಕಂಡ ಆ ಭಾರೀ ಬೆಳಕು ಶಟರ್ ಮುಚ್ಚಿದ ಮೇಲೆ ಬಂದದ್ದು. ಕಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಅದಕ್ಕೇ ಎಲ್ಲರೂ ಬಲ್ಬನ್ನು ಬೈಯುವುದು.

ಎಂ ಸಿಂಕ್ ಇರುವ ಹಳೇ ಕ್ಯಾಮೆರಾ ಶಟರ್ ತೆರೆಯುವುದಕ್ಕೆ ಸುಮಾರು 20 ಮಿಲಿಸೆಕೆಂಡು ಮೊದಲೇ ಬಲ್ಬಿಗೆ ಹೇಳಿಬಿಡುತ್ತದೆ. ಬೆಳಿಗ್ಗೆ ಎಂಟೂವರೆಯ ಲೋಕಲ್‌ನಲ್ಲಿ ದಾದರಿಗೆ ಇಳಿಯುವವನು ಕುರ್ಲಾದಿಂದಲೇ ಬಾಗಿಲ ಕಡೆ ನುಗ್ಗುತ್ತಾನಲ್ಲ, ಹಾಗೆ. ಕಾಕಾರ ಹಳೇ ರೋಲಿಕಾರ್ಡ್ ಕ್ಯಾಮೆರಾದಲ್ಲಿ ಲೆನ್ಸಿನ ಪಕ್ಕ ಒಂದು ಪುಟ್ಟ ಕಡ್ಡಿ ಇದೆ. ವಿ, ಎಕ್ಸ್, ಎಂ ಅಂತ ಮೂರು ಗುರುತು. ವಿ ಸೆಲ್ಫ್ ಟೈಮರಿಗೆ, ಎಕ್ಸ್ ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ, ಎಂ ಬಲ್ಬಿಗೆ. ಎಂ ಗೆ ಸರಿಸಿದರೆ ಒಳಗೆ ಒಂದು ಸಣ್ಣ ಗಿಯರ್ ಶಟರನ್ನು ತಡೆದು ಹಿಡಿಯುತ್ತದೆ. ಅದರಿಂದ ಬಲ್ಬನ್ನು 1/500ರಲ್ಲೂ ಹೊಡೆಯಬಹುದು. ಇದೇ ಕಡ್ಡಿಯಿಂದ ಉಲ್ಟಾ ತಾಪತ್ರಯವೂ ಆಗುತ್ತದೆ. ಎಂ ನಲ್ಲೇ ಬಿಟ್ಟು ಎಲೆಕ್ಟ್ರಾನಿಕ್ ಫ್ಲ್ಯಾಶ್ ಹಾಕಿದರೆ ಶಟರ್ ತೆರೆಯುವ ಮೊದಲೇ ಫ್ಲ್ಯಾಶ್ ಬಂದು ಹೋಗಿರುತ್ತದೆ. ಹಳೇ ಕ್ಯಾಮೆರಾ ಕೊಂಡವರ ಖಾಲಿ ರೋಲುಗಳಿಗೆ ಇದು ಒಂದು ದೊಡ್ಡ ಕಾರಣ.

ಹೊಸ ಕ್ಯಾಮೆರಾದಲ್ಲಿ ಎಂ ಇಲ್ಲ. ಹಾಗಾಗಿ ಶಟರನ್ನು ಜಾಸ್ತಿ ಹೊತ್ತು ತೆರೆದಿಡುವುದೊಂದೇ ದಾರಿ. 1/30 ಅಂದರೆ 33 ಮಿಲಿಸೆಕೆಂಡು. ಬಲ್ಬು ಏರಿ ಅರ್ಧ ಇಳಿಯುವಷ್ಟು ಹೊತ್ತು. 1/15 ಇಟ್ಟರೆ ಪೂರ್ತಿ ಬೆಳಕು ಸಿಗುತ್ತದೆ. 1/60 ಮಾತ್ರ ಮೋಸದ ಜಾಗ. ಲೆಕ್ಕಕ್ಕೆ 17 ಮಿಲಿಸೆಕೆಂಡು, ಇನ್ನೇನು ಸಿಕ್ಕಿತು ಅನ್ನಿಸುತ್ತದೆ. ಆದರೆ ಬಲ್ಬು ಏರುತ್ತಿರುವಾಗಲೇ ಎರಡನೇ ಪರದೆ ಹೊರಟಿರುತ್ತದೆ. ಫಿಲ್ಮಿನ ಯಾವ ಭಾಗ ಮೊದಲು ಮುಚ್ಚಿತೋ ಅದಕ್ಕೆ ಕಡಿಮೆ ಬೆಳಕು, ಕೊನೆಗೆ ಮುಚ್ಚಿದ್ದಕ್ಕೆ ಜಾಸ್ತಿ. ಲೋಹದ ಪಟ್ಟಿಗಳ ಶಟರ್ ಸಾಮಾನ್ಯವಾಗಿ ಮೇಲಿಂದ ಕೆಳಗೆ ಓಡುತ್ತದೆ. ಫಿಲ್ಮಿನ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಮೊದಲು ಮುಚ್ಚುವುದು ಕಾಲಿನ ಕಡೆ. ಮುಖ ಬಂದು ಕಾಲು ಕತ್ತಲಾಗುವ ಗುಟ್ಟು ಇದೇ. ಬಟ್ಟೆ ಪರದೆಯ ಕ್ಯಾಮೆರಾ ಆದರೆ ಅಡ್ಡಡ್ಡ ಓಡುತ್ತದೆ, ಆಗ ಒಂದು ಪಕ್ಕದ ನೆಂಟರು ಮಂಕಾಗುತ್ತಾರೆ. ನೆಗೆಟಿವ್ ನೋಡಿಯೇ ರೋಗ ಹೇಳಬಹುದು ಅಂದರೆ ಹೀಗೆ.

ಆಟೋಫೋಕಸ್ ಕ್ಯಾಮೆರಾದವರಿಗೆ ಇನ್ನೊಂದು ಮಾತು. ಶೂ ಮೇಲೆ ತನ್ನ ಜಾತಿಯ ಫ್ಲ್ಯಾಶ್ ಇಲ್ಲ ಅಂದರೆ ಅದಕ್ಕೆ ಫ್ಲ್ಯಾಶ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಪ್ರೋಗ್ರಾಂ ಮೋಡಿನಲ್ಲಿ ಬಿಟ್ಟರೆ ತನಗೆ ತೋಚಿದ ಸ್ಪೀಡ್ ಹಾಕಿಕೊಳ್ಳುತ್ತದೆ. ಮ್ಯಾನ್ಯುಯಲ್‌ಗೆ ತನ್ನಿ. ಟಿಟಿಎಲ್ ಅನ್ನುವ, ಲೆನ್ಸಿನ ಮೂಲಕ ಬೆಳಕು ಅಳೆಯುವ ಫ್ಲ್ಯಾಶ್ ಮೀಟರನ್ನೂ ಮರೆತುಬಿಡಿ. ಅದರ ಕೆಲಸ ಬೆಳಕು ಸಾಕಾದ ತಕ್ಷಣ ಫ್ಲ್ಯಾಶನ್ನು ಆರಿಸುವುದು. ಹೊತ್ತಿದ ಬಲ್ಬನ್ನು ಆರಿಸುವವರು ಯಾರು?

ಇನ್ನೊಂದು ಗುಂಪಿನ ದೂರು ಬೇರೆ. "ಬಲ್ಬು ಹೊತ್ತುವುದೇ ಇಲ್ಲ." ಅಥವಾ ಇನ್ನೂ ವಿಚಿತ್ರ, "ಮೊದಲನೆಯದು ಹೊತ್ತುತ್ತದೆ, ಎರಡನೆಯದು ಹೊತ್ತಲ್ಲ. ವೈರ್ ಕಿತ್ತು ಮತ್ತೆ ಸಿಕ್ಕಿಸಿದರೆ ಹೊತ್ತುತ್ತದೆ." ನನಗೆ ಜಾಸ್ತಿ ಇಷ್ಟವಾಗುವುದು ಈ ರೋಗ.

ಹಳೇ ಕ್ಯಾಮೆರಾದ ಸಿಂಕ್ ಅಂದರೆ ಎರಡು ಲೋಹದ ಪಟ್ಟಿಗಳು. ಶಟರ್ ತೆರೆದಾಗ ಒಂದಕ್ಕೊಂದು ತಾಗುತ್ತವೆ, ಅಷ್ಟೇ. ಎಷ್ಟು ಕರೆಂಟ್ ಹರಿದರೂ ಅದಕ್ಕೆ ಚಿಂತೆ ಇಲ್ಲ. ಈಚಿನ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಪಟ್ಟಿಯ ಜಾಗದಲ್ಲಿ ಥೈರಿಸ್ಟರ್ ಅಥವಾ ಅಂಥದ್ದೇ ಒಂದು ಚಿಕ್ಕ ಎಲೆಕ್ಟ್ರಾನಿಕ್ ಸ್ವಿಚ್ಚು ಬಂತು. ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ ಅದು ಧಾರಾಳ ಸಾಕು. ಫ್ಲ್ಯಾಶ್ ತನ್ನ ದೊಡ್ಡ ಶಕ್ತಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಕ್ಯಾಮೆರಾ ಬರೀ ಸನ್ನೆ ಮಾಡಿದರೆ ಆಯಿತು. ಬಲ್ಬಿನ ಗನ್ನಿನಲ್ಲಿ ಹಾಗಲ್ಲ. ಬಲ್ಬು ಹೊತ್ತಿಸುವ ಇಡೀ ಕರೆಂಟು ಕ್ಯಾಮೆರಾದ ಮೂಲಕವೇ ಹಾದು ಹೋಗಬೇಕು. ಕ್ಷಣಕಾಲಕ್ಕೆ ಆದರೂ ಅದು ಆಂಪಿಯರ್ ಲೆಕ್ಕದ ಕರೆಂಟು.

ಇಲ್ಲಿ ತುಂಬಾ ಜನ ವೋಲ್ಟು ನೋಡಿ ಧೈರ್ಯ ಮಾಡುತ್ತಾರೆ. ಹಳೇ ಎಲೆಕ್ಟ್ರಾನಿಕ್ ಫ್ಲ್ಯಾಶ್‌ಗಳ ತುದಿಯಲ್ಲಿ 200 ವೋಲ್ಟಿಗೂ ಮೇಲೆ ಇರುತ್ತದೆ, ಅದು ಹೊಸ ಕ್ಯಾಮೆರಾವನ್ನು ಸುಡಬಹುದು ಅಂತ ಎಲ್ಲರಿಗೂ ಗೊತ್ತು. ಬಲ್ಬಿನ ಗನ್ನಿನಲ್ಲಿ ಸಾಮಾನ್ಯವಾಗಿ 22.5 ವೋಲ್ಟು ಮಾತ್ರ. ಹಾಗಾದರೆ ಭಯ ಇಲ್ಲ ಅಂದುಕೊಳ್ಳುತ್ತಾರೆ. ವೋಲ್ಟಿನ ಭಯ ಇಲ್ಲ ನಿಜ, ಕರೆಂಟಿನದು ಇದೆ. ನಾಲ್ಕು ಸಲ ಸುಮ್ಮನೆ ಸಹಿಸಿಕೊಂಡ ಕ್ಯಾಮೆರಾ ಐದನೇ ಸಲ ಸಿಂಕ್ ಕೊಡುವುದನ್ನೇ ನಿಲ್ಲಿಸಬಹುದು. ಅದನ್ನು ರಿಪೇರಿ ಮಾಡುವವರು ಫೋರ್ಟಿನ ಕ್ಯಾಮೆರಾ ಗಲ್ಲಿಗಳಲ್ಲೂ ಕಡಿಮೆಯಾಗಿದ್ದಾರೆ. ಸಿಕ್ಕಿದರೂ ಆ ಬೋರ್ಡು ಸಿಗಬೇಕಲ್ಲ.

ಎರಡನೇ ಬಲ್ಬು ಯಾಕೆ ಹೊತ್ತಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಥೈರಿಸ್ಟರಿನ ಸ್ವಭಾವ ಏನೆಂದರೆ, ಒಮ್ಮೆ ಆನ್ ಆದ ಮೇಲೆ ಅದರ ಮೂಲಕ ಒಂದಿಷ್ಟು ಕರೆಂಟ್ ಹರಿಯುತ್ತಿರುವವರೆಗೂ ಅದು ಆಫ್ ಆಗುವುದಿಲ್ಲ. ಗನ್ನಿನೊಳಗಿನ ಬ್ಯಾಟರಿ ಒಂದು ರೆಸಿಸ್ಟರಿನ ಮೂಲಕ, ಕರೆಂಟು ಕೂಡಿಟ್ಟು ಒಮ್ಮೆಗೇ ಬಲ್ಬಿಗೆ ಸುರಿಯುವ ಕೆಪಾಸಿಟರನ್ನು ತುಂಬಿಸುತ್ತಿರುತ್ತದೆ. ಆ ಸಣ್ಣ ಕರೆಂಟೇ ಥೈರಿಸ್ಟರನ್ನು ಎಚ್ಚರವಾಗಿ ಹಿಡಿದಿಡಲು ಸಾಕಾಗುತ್ತದೆ. ಸ್ವಿಚ್ಚು ಒತ್ತಿದ ಹಾಗೆಯೇ ಉಳಿದುಬಿಡುತ್ತದೆ, ಕೆಪಾಸಿಟರ್ ತುಂಬುವುದೇ ಇಲ್ಲ. ವೈರ್ ಕಿತ್ತಾಗ ಅದಕ್ಕೆ ನಿದ್ದೆ ಬರುತ್ತದೆ, ಮತ್ತೆ ಎಲ್ಲ ಸರಿ. ಪ್ರತಿ ಬಲ್ಬಿಗೂ ವೈರ್ ಕಿತ್ತು ಹಾಕುವುದು ಒಂದು ಉಪಾಯ. ನನಗೆ ಅದು ಹಿಡಿಸುವುದಿಲ್ಲ. ಕ್ಯಾಮೆರಾ ಸಾಯುವುದನ್ನು ಮುಂದಕ್ಕೆ ಹಾಕಿದ ಹಾಗೆ ಅಷ್ಟೇ.

ಮೊದಲನೆಯದೇ ಹೊತ್ತದಿದ್ದರೆ ಪ್ಲಸ್ ಮೈನಸ್ ನೋಡಿ. ಲೋಹದ ಪಟ್ಟಿಗೆ ಕರೆಂಟು ಈ ಕಡೆಯಿಂದ ಬಂದರೂ ಒಂದೇ, ಆ ಕಡೆಯಿಂದ ಬಂದರೂ ಒಂದೇ. ಅದಕ್ಕೇ ಹಳೇ ಗನ್ ಮಾಡಿದವರು ಇದರ ಗೋಜಿಗೆ ಹೋಗಲಿಲ್ಲ. ಕೆಲವು ಗನ್ನಿನ ವೈರಿನಲ್ಲಿ ನಡುವಿನ ಪಿನ್ ಪ್ಲಸ್, ಕೆಲವದರಲ್ಲಿ ಮೈನಸ್. ಎಲೆಕ್ಟ್ರಾನಿಕ್ ಸ್ವಿಚ್ಚಿಗೆ ಒಂದೇ ದಿಕ್ಕು ಗೊತ್ತು. ಮಲ್ಟಿಮೀಟರಿನಲ್ಲಿ ವೋಲ್ಟು ಅಳೆದು ನೋಡಬಹುದು, ಆದರೆ ಗನ್ನಿನಿಂದ ಬಲ್ಬು ತೆಗೆದ ಮೇಲೆ. ಬಲ್ಬಿಗೇ ಓಮ್ ಮೀಟರ್ ಇಟ್ಟು "ಚೆನ್ನಾಗಿದೆಯಾ" ಅಂತ ನೋಡಲು ಹೋಗಬೇಡಿ. ಕೆಲವು ಹಳೇ ಮುಳ್ಳಿನ ಮೀಟರುಗಳು ಕೊಡುವ ಕರೆಂಟೇ ಬಲ್ಬು ಹೊತ್ತಿಸಲು ಸಾಕು. ಕೈಯಲ್ಲೇ ಹೊತ್ತಿದರೆ ಬೊಬ್ಬೆ ಖಂಡಿತ.

ಇದಕ್ಕೆಲ್ಲ ಪರಿಹಾರ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನಲ್ಲಿದೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಸಾಕು. ಕ್ಯಾಮೆರಾಕ್ಕೂ ಗನ್ನಿಗೂ ನಡುವೆ ಒಂದು ಚಿಕ್ಕ ಡಬ್ಬಿ ಮಾಡಿಕೊಳ್ಳಬೇಕು. ಒಳಗೆ ಬೆಳಕಿನಿಂದಲೇ ಸನ್ನೆ ದಾಟಿಸುವ ಒಂದು ಆಪ್ಟೋಕಪ್ಲರ್, ಅದು ಎಬ್ಬಿಸುವ ಒಂದು ದೊಡ್ಡ ಥೈರಿಸ್ಟರ್, ಕ್ಯಾಮೆರಾ ಕಡೆಗೆ ಅಂತ ಬೇರೆಯದೇ ಒಂದು ಪುಟ್ಟ ಸೆಲ್. ಕ್ಯಾಮೆರಾ ಬರೀ ಒಂದು ಎಲ್‌ಇಡಿ ಹಚ್ಚಿದ ಹಾಗೆ, ಬಲ್ಬಿನ ಭಾರ ಪೂರ್ತಿ ಡಬ್ಬಿಯ ಮೇಲೆ. ಅಂಗಡಿಯವನು "ರಿಲೇ ಹಾಕ್ರಿ, ಸಸ್ತಾ" ಅಂದರೆ ಕೇಳಬೇಡಿ. ಸಾದಾ ರಿಲೇ ಟಕ್ ಅನ್ನಲು ಹಲವು ಮಿಲಿಸೆಕೆಂಡು ತಿನ್ನುತ್ತದೆ. ಮೊದಲೇ ತಡವಾಗುವ ಬಲ್ಬಿಗೆ ಇನ್ನಷ್ಟು ತಡ. ಬೆಸುಗೆ ಹಾಕಲು ಬಾರದವರು ಶೂ ಮೇಲೆ ಒಂದು ಚಿಕ್ಕ ಎಲೆಕ್ಟ್ರಾನಿಕ್ ಫ್ಲ್ಯಾಶ್ ಇಟ್ಟು, ಗನ್ನಿಗೆ ಬೆಳಕು ಕಂಡರೆ ಎಚ್ಚರವಾಗುವ ಸ್ಲೇವ್ ಹಾಕಬಹುದು. ಆದರೆ ಕೆಲವು ಸ್ಲೇವ್‌ಗಳು ಎಲೆಕ್ಟ್ರಾನಿಕ್ ಫ್ಲ್ಯಾಶಿನ ದೊಡ್ಡ ವೋಲ್ಟಿನಿಂದಲೇ ಬದುಕುವಂಥವು. 22 ವೋಲ್ಟಿಗೆ ಅವು ಮಿಸುಕಾಡುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ನೋಡಿ.

ಅದೇ ರೋಡಿನಲ್ಲಿ ಬ್ಯಾಟರಿಯ ಸಮಸ್ಯೆಯೂ ಮುಗಿಯುತ್ತದೆ. ಆ 22.5 ವೋಲ್ಟಿನ ಬ್ಯಾಟರಿ ಈಗ ಸುಲಭವಾಗಿ ಸಿಗುವುದಿಲ್ಲ, ಸಿಕ್ಕಿದರೆ ದುಡ್ಡು ಜಾಸ್ತಿ. ರಿಮೋಟ್ ಬೆಲ್ಲಿಗೆ ಹಾಕುವ 23ಎ ಅನ್ನುವ 12 ವೋಲ್ಟಿನ ಸೆಲ್ ಇದೆಯಲ್ಲ, ಎರಡನ್ನು ಸಾಲಾಗಿ ಜೋಡಿಸಿದರೆ 24 ವೋಲ್ಟು. ಗನ್ನಿನ ಹಳೇ ಜಾಗದಲ್ಲಿ ಅವು ಕೂರಲಿಕ್ಕಿಲ್ಲ. ನನ್ನದರಲ್ಲಿ ಕೂರಲಿಲ್ಲ, ಹಿಡಿಕೆಯ ಪಕ್ಕಕ್ಕೆ ಹೋಲ್ಡರ್ ಕಟ್ಟಿ ವೈರ್ ಎಳೆದಿದ್ದೇನೆ. ನೋಡಲು ಚಂದ ಇಲ್ಲ. ಕೆಪಾಸಿಟರನ್ನೂ ಬದಲಾಯಿಸಿಬಿಡಿ. ಅರವತ್ತು ವರ್ಷದ ಎಲೆಕ್ಟ್ರೋಲಿಟಿಕ್ ಒಣಗಿ ಕೂತಿರುತ್ತದೆ, ಹೊಸದಕ್ಕೆ ಕೆಲವೇ ರೂಪಾಯಿ. ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ನೋಡಿ ಅಷ್ಟೇ ಹಾಕಿ, ವೋಲ್ಟು ಮಾತ್ರ 35ಕ್ಕೆ ಕಡಿಮೆ ಬೇಡ.

ಕಾಕಾರ ಗನ್ನಿನಲ್ಲಿ ಇದ್ಯಾವುದೂ ಇಲ್ಲ. ಎರಡು ದಪ್ಪ ಟಾರ್ಚ್ ಸೆಲ್ಲು, ನೇರ ಬಲ್ಬಿಗೆ. ಅವರು ಬಲ್ಬು ಹಾಕುವುದನ್ನು ನೋಡಬೇಕು. ಮೊದಲು ಫಿಲ್ಮ್ ಸುತ್ತಿ ಶಟರ್ ಏರಿಸುತ್ತಾರೆ. ಬಲ್ಬಿನ ಬುಡದ ಸೀಸದ ಚುಕ್ಕೆಯನ್ನು ಅಂಗಿಯ ತೋಳಿಗೆ ನಾಲ್ಕು ಸಲ ಉಜ್ಜುತ್ತಾರೆ, ಬೂದು ಬಣ್ಣ ಹೋಗಿ ಹೊಳಪು ಬರುವವರೆಗೆ. ಆಮೇಲೆ ನಾಲಿಗೆಗೆ ತಾಗಿಸಿ ಸಾಕೆಟ್ಟಿಗೆ ಒತ್ತುತ್ತಾರೆ. ಪೇಪರಿನ ಫೋಟೋಗ್ರಾಫರುಗಳದ್ದೂ ಇದೇ ಅಭ್ಯಾಸವಾಗಿತ್ತು, ಒದ್ದೆ ಇದ್ದರೆ ಕರೆಂಟು ಚೆನ್ನಾಗಿ ಹರಿಯುತ್ತದೆ ಅಂತ. ನೀವು ಸೀಸ ನೆಕ್ಕಬೇಡಿ, ಒರಟು ಬಟ್ಟೆ ಸಾಕು. ಆದರೆ ಅವರ ಕ್ರಮ ಮಾತ್ರ ಕಲಿಯುವಂಥದ್ದು: ಶಟರ್ ಏರಿಸಿದ ಮೇಲೆಯೇ ಬಲ್ಬು. ಕೆಲವು ಕ್ಯಾಮೆರಾಗಳಲ್ಲಿ ಶಟರ್ ಇಳಿದಿರುವಾಗ ಸಿಂಕ್ ಪಟ್ಟಿಗಳು ತಾಗಿಕೊಂಡೇ ಇರುತ್ತವೆ. ಆಗ ಬಲ್ಬು ಒತ್ತಿದ ಕೂಡಲೇ ಬೆರಳ ನಡುವೆಯೇ ಹೊತ್ತಿಕೊಳ್ಳುತ್ತದೆ.

ಹೊತ್ತಿದ ಮೇಲೆ ಅವರು ಕರ್ಚೀಫಿನಲ್ಲಿ ಹಿಡಿದು ತೆಗೆಯುತ್ತಾರೆ. ಆ ಸುಟ್ಟ ಬಲ್ಬನ್ನು ಒಮ್ಮೆ ಹತ್ತಿರದಿಂದ ನೋಡಿ. ಹೊರಗಿನ ಲ್ಯಾಕರ್ ಕಾದು ಗುಳ್ಳೆ ಗುಳ್ಳೆಯಾಗಿರುತ್ತದೆ. ಗಾಜಿನ ತುಂಬಾ ಜೇಡರ ಬಲೆಯಂಥ ಬಿರುಕು, ಆದರೂ ಒಂದು ಚೂರು ಉದುರಿರುವುದಿಲ್ಲ. ಚೂರುಗಳನ್ನು ಹಿಡಿದಿಟ್ಟಿರುವುದು ಆ ಲ್ಯಾಕರೇ. ಒಳಗೆ ಲೋಹದ ಎಳೆಗಳ ಜಾಗದಲ್ಲಿ ಬಿಳಿ ಬೂದಿ. ಲ್ಯಾಕರ್ ಸುಲಿದಿರುವ ಬಲ್ಬು ಕಂಡರೆ ಹೊತ್ತಿಸಬೇಡಿ, ಸಿಡಿಯುತ್ತದೆ.

ಇದಕ್ಕಿಂತ ಮುಖ್ಯ ಒಳಗಿನ ನೀಲಿ ಚುಕ್ಕೆ. ಎಷ್ಟೋ ಬಲ್ಬುಗಳ ಗಾಜಿನ ಒಳಗೋಡೆಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ನೀಲಿ ಚುಕ್ಕೆ ಇರುತ್ತದೆ. ಅದು ಕೋಬಾಲ್ಟ್ ಉಪ್ಪು. ಒಣಗಿದ್ದಾಗ ನೀಲಿ, ತೇವ ತಗುಲಿದರೆ ಗುಲಾಬಿ. ಚುಕ್ಕೆ ಗುಲಾಬಿಯಾಗಿದ್ದರೆ ಗಾಜಿನಲ್ಲೆಲ್ಲೋ ಕೂದಲಷ್ಟು ಬಿರುಕು ಇದೆ, ಹೊರಗಿನ ಗಾಳಿ ಒಳಗೆ ಹೋಗಿದೆ ಅಂತ ಅರ್ಥ. ಹೊತ್ತಿಸಿದರೆ ಒಡೆಯುತ್ತದೆ. ಮುಂಬೈಯ ನಾಲ್ಕು ತಿಂಗಳ ಮಳೆಯಲ್ಲಿ ಈ ಚುಕ್ಕೆಯಷ್ಟು ಉಪಕಾರಿ ಇನ್ನೊಂದಿಲ್ಲ. ನಮ್ಮಲ್ಲಿ ಉಪ್ಪಿನ ಡಬ್ಬಿ ಜೂನ್‌ನಲ್ಲಿ ನೀರು ಬಿಟ್ಟರೆ ಅಕ್ಟೋಬರ್‌ವರೆಗೆ ಸರಿಹೋಗುವುದಿಲ್ಲ. ಗಾಜಿನೊಳಗೆ ಗಾಳಿ ಹೋಗದಿದ್ದರೂ ಹೊರಗಿನ ಬುಡ, ವೈರುಗಳು ತುಕ್ಕು ಹಿಡಿಯುತ್ತವೆ. ಲೆನ್ಸುಗಳ ಜೊತೆ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಬಣ್ಣದ ವಿಷಯ ಚಿಕ್ಕದು. ನೀಲಿ ಮೆತ್ತಿದ ಬಲ್ಬು ಹಗಲಿನ ಕಲರ್ ಫಿಲ್ಮಿಗೆ. ಬಿಳಿ ಗಾಜಿನದು ಕಪ್ಪು ಬಿಳುಪಿಗೆ. ಬಿಳಿಯದನ್ನೇ ಕಲರ್ ಫಿಲ್ಮಿನಲ್ಲಿ ಹೊಡೆದರೆ ಹಳದಿ ತಿರುಗುತ್ತದೆ, 80ಸಿ ನೀಲಿ ಫಿಲ್ಟರ್ ಹಾಕಿದರೆ ಬಹುಪಾಲು ಸರಿಯಾಗುತ್ತದೆ. ಎಕ್ಸ್‌ಪೋಷರಿಗೆ ಡಬ್ಬಿಯ ಮೇಲಿನ ಗೈಡ್ ನಂಬರನ್ನು ದೂರದಿಂದ ಭಾಗಿಸಿ, ಲೆನ್ಸಿನ ಕಂಡಿ ಎಷ್ಟು ತೆರೆಯಬೇಕು ಅನ್ನುವ ಎಫ್ ಅಂಕಿ ಸಿಗುತ್ತದೆ. ಗೈಡ್ ನಂಬರ್ 160, ದೂರ 20 ಅಡಿ ಅಂದರೆ ಎಫ್ 8. ಅಮೆರಿಕದ ಡಬ್ಬಿ ಆದರೆ ಅಡಿ, ಯುರೋಪಿನದಾದರೆ ಮೀಟರ್. ಅದಲು ಬದಲಾದರೆ ಮೂರು ಸ್ಟಾಪಿಗೂ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಮೀರಿ ಎಡವಟ್ಟು. ಶಟರ್ ಸ್ಪೀಡ್ ಬದಲಾದರೆ ನಂಬರೂ ಬದಲಾಗುತ್ತದೆ, ಡಬ್ಬಿಯ ಮೇಲೆ ಪಟ್ಟಿಯೇ ಇರುತ್ತದೆ. ಪಟ್ಟಿಯಲ್ಲಿ ಫಿಲ್ಮಿನ ವೇಗಕ್ಕೆ ಹಳೇ ಎಎಸ್‌ಎ ಇದ್ದರೆ ಹೆದರಬೇಡಿ, ಅಂಕಿ ಸಾಮಾನ್ಯವಾಗಿ ಈಗಿನ ಐಎಸ್‌ಒಗೆ ಸಮ. 100ರಿಂದ 400ಕ್ಕೆ ಹೋದರೆ ಗೈಡ್ ನಂಬರ್ ಎರಡು ಪಟ್ಟು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೊಸ ಕ್ಯಾಮೆರಾವನ್ನು ಬಲ್ಬಿನ ಜೊತೆ ವೈರಿನಿಂದ ಗಂಟು ಹಾಕುವ ಗೋಜೇ ಬೇಡ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು ಶಟರನ್ನು ಬಿ ಗೆ, ಅಂದರೆ ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುವ ಗುರುತಿಗೆ, ತನ್ನಿ. ಶಟರಿನ ಕೇಬಲ್ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗನ್ನಿನ ಗುಂಡಿ ಒತ್ತಿ, ಕೇಬಲ್ ಬಿಡಿ. ಎಕ್ಸ್ ಇಲ್ಲ, ಎಂ ಇಲ್ಲ, ಥೈರಿಸ್ಟರ್ ಇಲ್ಲ, ಪ್ಲಸ್ ಮೈನಸ್ ಇಲ್ಲ. ಓಪನ್ ಫ್ಲ್ಯಾಶ್ ಅಂತ ಇದಕ್ಕೆ ಹೆಸರು. 1929ರಲ್ಲಿ ಜರ್ಮನಿಯಲ್ಲಿ ವ್ಯಾಕುಬ್ಲಿಟ್ಜ್ ಬಲ್ಬು ಮಾರುಕಟ್ಟೆಗೆ ಬಂದ ಕಾಲದಲ್ಲಿ ಕ್ಯಾಮೆರಾಗಳಲ್ಲಿ ಸಿಂಕ್ ಸಾಕೆಟ್ಟೇ ಇರಲಿಲ್ಲ, ಜನ ಹೀಗೇ ಹೊಡೆಯುತ್ತಿದ್ದರು. ಅಂಥ ಕ್ಯಾಮೆರಾಕ್ಕೂ ನಿಮ್ಮ 1995ರ ಆಟೋಫೋಕಸ್ ಕ್ಯಾಮೆರಾಕ್ಕೂ ಬಿ ಯಲ್ಲಿ ಏನೂ ವ್ಯತ್ಯಾಸ ಇಲ್ಲ.

ಒಂದೇ ತೊಡಕು, ಕೋಣೆಯ ಬೆಳಕು. ಹಾಲಿನ ಟ್ಯೂಬ್‌ಲೈಟು ಅರ್ಧ ಸೆಕೆಂಡು ಶಟರ್ ತೆರೆದಿದ್ದರೆ ಎಫ್ 8ರಲ್ಲೂ ಫಿಲ್ಮಿಗೆ ಕಾಣುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ತಲೆ ಅಲ್ಲಾಡಿಸಿದವರ ಸುತ್ತ ಹಸಿರು ನೆರಳು ಬರುತ್ತದೆ. ಮಾಟುಂಗಾದ ಭಾವು ದಾಜಿ ರೋಡಿನ ಮೈಸೂರು ಅಸೋಸಿಯೇಷನ್ನಿನಲ್ಲಿ ಒಂದು ಕಾರ್ಯಕ್ರಮ ಮುಗಿದ ಮೇಲೆ ಗ್ರೂಪ್ ಫೋಟೋ ತೆಗೆಯುವಾಗ ನಾನು ಲೈಟ್ ಆರಿಸಲು ಹೇಳಿದೆ. ಬಾಗಿಲ ಕಡೆಯದು ಒಂದು ಮಾತ್ರ ಇರಲಿ, ಫೋಕಸ್ ಮಾಡುವಷ್ಟು. ಹಿರಿಯರೊಬ್ಬರು ಗೊಣಗಿದರು, "ಕತ್ತಲಲ್ಲಿ ಫೋಟೋ ತೆಗೀತಾನಂತೆ ನೋಡ್ರಿ." ಸಾಲಿನಲ್ಲಿ ನಿಂತ ಅಕ್ಕಂದಿರು ಸೀರೆ ಸೆರಗು ಸರಿ ಮಾಡಿಕೊಳ್ಳುತ್ತಲೇ ಇದ್ದರು. ಭಗ್ ಅಂದಿತು. ಎಲ್ಲರೂ ಒಟ್ಟಿಗೆ ಹೋ ಅಂದರು. ಆಮೇಲೆ ಸುಟ್ಟ ಬಲ್ಬು ನೋಡಲು ಮಕ್ಕಳ ನೂಕು. ಎಲೆಕ್ಟ್ರಾನಿಕ್ ಫ್ಲ್ಯಾಶ್ ಹೊಡೆದಾಗ ಯಾರಾದರೂ ಹೀಗೆ ಓಡಿ ಬರುತ್ತಾರಾ?

ಬೆಳಕಿನ ಗುಣವೂ ಬೇರೆ, ಅದು ಬರೀ ಹಳೇದರ ಮೋಹ ಅಲ್ಲ. ದೊಡ್ಡ ತಟ್ಟೆಯಷ್ಟು ರಿಫ್ಲೆಕ್ಟರ್, ಅದರ ಮಧ್ಯೆ ದಪ್ಪ ಬಲ್ಬು. ಒಂದೇ ಏಟಿಗೆ ಹೊರಡುವ ಬೆಳಕಿನ ಮೊತ್ತ ಶೂ ಮೇಲಿನ ಫ್ಲ್ಯಾಶಿಗೆ ಸಿಗುವಂಥದ್ದಲ್ಲ. ಹಿಂದಿನ ಸಾಲು, ಅದರ ಹಿಂದಿನ ಗೋಡೆ, ಮೇಲಿನ ಫೋಟೋಗಳು, ಎಲ್ಲ ಬಂದಿರುತ್ತವೆ. ಅಮೆರಿಕದ ಫೋಟೋಗ್ರಾಫರ್ ಓ. ವಿನ್‌ಸ್ಟನ್ ಲಿಂಕ್ 1956ರಲ್ಲಿ ರಾತ್ರಿ ಓಡುವ ಉಗಿಬಂಡಿಯ ಒಂದು ಚಿತ್ರಕ್ಕೆ 40ಕ್ಕೂ ಹೆಚ್ಚು ಬಲ್ಬುಗಳನ್ನು ಒಂದೇ ಸಲ ಹೊತ್ತಿಸಿದ. ಒಂದು ವೈರ್ ಸಡಿಲ ಇದ್ದರೂ ಕೆಲಸ ಕೆಟ್ಟಂತೆ. ನಮ್ಮ ಮುಂಬೈಯಲ್ಲೇ ಜೆ.ಜೆ. ಕಲಾಶಾಲೆಯಲ್ಲಿ ಓದಿ, 1942ರಲ್ಲಿ ದಿಲ್ಲಿಗೆ ಹೋದ ಪತ್ರಿಕಾ ಫೋಟೋಗ್ರಾಫರ್ ಹೋಮಾಯ್ ವ್ಯಾರಾವಾಲಾ ಸೀರೆ ಉಟ್ಟು ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೊತ್ತು ಓಡಾಡಿದ್ದು ಈ ಬಲ್ಬುಗಳ ಕಾಲದಲ್ಲೇ. ಅಂದಹಾಗೆ ಆ ಸ್ಪೀಡ್ ಗ್ರಾಫಿಕ್ ಮಾಡಿದ ಗ್ರಾಫ್ಲೆಕ್ಸ್ ಕಂಪನಿಯ ಗನ್ ಹಿಡಿಕೆಯನ್ನು ಹುಡುಕಿದರೆ ಬೆಲೆ ಕೇಳಿ ಬೆಚ್ಚಬೇಡಿ. 1977ರ ಒಂದು ಹಾಲಿವುಡ್ ಸಿನಿಮಾದಲ್ಲಿ ಅದೇ ಹಿಡಿಕೆಯನ್ನು ಬೆಳಕಿನ ಕತ್ತಿಯಾಗಿ ಮಾಡಿದರು. ಅವತ್ತಿನಿಂದ ಫೋಟೋದ ಗಂಧವೂ ಇಲ್ಲದವರೆಲ್ಲ ಅದನ್ನು ಕೊಂಡು ಶೋಕೇಸಿನಲ್ಲಿಡುತ್ತಿದ್ದಾರೆ.

ಅಕ್ಕನ ಮಗ ಈಗ 1/15ರಲ್ಲಿ ಹೊಡೆಯುತ್ತಾನೆ, ಲ್ಯಾಮಿಂಗ್ಟನ್ ರೋಡಿನ ಡಬ್ಬಿ ನಡುವೆ ಇಟ್ಟುಕೊಂಡು. ಓಪನ್ ಫ್ಲ್ಯಾಶ್ ಅವನಿಗೆ ಹಿಡಿಸಲಿಲ್ಲ. ಕೈಯಲ್ಲಿ ಹಿಡಿದು ಓಡಾಡಬೇಕಂತೆ. ಕಾಕಾರಿಗೂ ಅವನಿಗೂ ಇದರ ಬಗ್ಗೆ ಜಗಳ ನಡೆದೇ ಇದೆ. "1/15ರಾಗ ಕೈ ನಡಗಂಗಿಲ್ಲೇನು?" ಅಂತ ಇವರು, "ಬಲ್ಬಿನ ಬೆಳಕಿನ್ಯಾಗ ಅದು ಕಾಣಂಗಿಲ್ರಿ ಅಜ್ಜಾ" ಅಂತ ಅವನು. ಕತ್ತಲ ಕೋಣೆಯಲ್ಲಿ ಅವನ ಮಾತು ಸರಿ. ಹಗಲು ಬೆಳಕು ಇರುವ ಕಡೆ ಕಾಕಾರದು.

ಹೊಸದಾಗಿ ಶುರು ಮಾಡುವವರು ಯಾವ ಕ್ಯಾಮೆರಾ ಅಂತ ಕೇಳಿದರೆ, ಎಂ ಗುರುತು ಇರುವ ಲೀಫ್ ಶಟರಿನ (ಲೆನ್ಸಿನೊಳಗೇ ಇರುವ ಎಲೆಯಂಥ ಶಟರಿನ) ಹಳೇ ಕ್ಯಾಮೆರಾ ಒಂದು ಸಿಕ್ಕಿದರೆ ಅದನ್ನೇ ಇಟ್ಟುಕೊಳ್ಳಿ. ಇಲ್ಲವೆಂದರೆ ಲೋಹದ ಪಟ್ಟಿಗಳ ಸಿಂಕ್ ಇರುವ, ಬ್ಯಾಟರಿ ಇಲ್ಲದಿದ್ದರೂ ಶಟರ್ ನಡೆಯುವ 70ರ ದಶಕದ ಮೆಕ್ಯಾನಿಕಲ್ ಕ್ಯಾಮೆರಾ, 1/30ಕ್ಕಿಂತ ಮೇಲೆ ಹೋಗದೆ. ಅದೂ ಇಲ್ಲದೆ ಆಟೋಫೋಕಸ್ ಕ್ಯಾಮೆರಾವೇ ಗತಿ ಅಂದರೆ ಬಿ ಮತ್ತು ಟ್ರೈಪಾಡ್. ಲಾಫ್ಟಿನಿಂದ ಇಳಿದ ಗನ್ನಿನಲ್ಲಿ ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಎಸೆಯಬೇಡಿ. ಹತ್ತಿಗೆ ಸ್ವಲ್ಪ ವಿನೆಗರ್ ಹಚ್ಚಿ ಉಜ್ಜಿ, ಒಣಗಿಸಿ, ಮೊದಲು ಸಾಕೆಟ್ಟಿಗೆ ಒಂದು ಟಾರ್ಚ್ ಬಲ್ಬಿನ ಎರಡು ವೈರ್ ತಾಗಿಸಿ ಗುಂಡಿ ಒತ್ತಿ ನೋಡಿ. ಟಾರ್ಚ್ ಬಲ್ಬು ಮಿಂಚಿದರೆ ಗನ್ನು ಬದುಕಿದೆ.